ತೋಳ ಕಾಯ್ದ ತಲೆ

ಅರಕಲಗೂಡಿನ ಬಸ್ ಸ್ಟ್ಯಾಂಡ್ ಹಿಂದಿನ ಬಾಡಿಗೆ ರೂಮಿನಲ್ಲಿ ಇರುವುದು ನಾನೊಬ್ಬನೇ. ಆದರೂ ಹೊರಗೆ ನಿಂತವರಿಗೆ ಶುಂಠಿ ವ್ಯಾಪಾರಿ, ಕಂಡಕ್ಟರ್, ಕೆಮ್ಮುವ ಮೇಷ್ಟ್ರು, ಎಲ್ಲರ ದನಿಯೂ ಕೇಳಿಸುತ್ತದೆ. ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡಿ ಹೊಟ್ಟೆ ಹೊರೆಯುವವನ ಅಭ್ಯಾಸ ಅದು. ರೂಮಿನ ತುಂಬ ಜನ ಸೇರಿಸುತ್ತಾನೆ ಎಂದು ಓನರಮ್ಮನಿಗೆ ಅನುಮಾನ. ಸೇರಿದ್ದರೆ ನನಗೂ ಖುಷಿಯೇ.

ನಮ್ಮೂರು ಹಳೇಕೋಟೆಗೆ ಫೋನ್ ಮಾಡಿದರೆ ಅವ್ವ ಕೇಳುವುದು ಒಂದೇ ಮಾತು: "ಇವತ್ತು ಯಾರ್ಲಾ?" ನಾನು ಯಾರೋ ಒಬ್ಬರಾಗುತ್ತೇನೆ. ಅವಳು ನಕ್ಕು ಫೋನ್ ಇಟ್ಟುಬಿಡುತ್ತಾಳೆ. ನಾನು ನಾನಾಗಿ ಹೇಳಬೇಕೆಂದಿದ್ದ ಮಾತು ಹಾಗೇ ಉಳಿಯುತ್ತದೆ.

ಹೋದ ವರ್ಷ ಹಾಸನದ ಚರ್ಚೊಂದರ ಫಾದರ್ ನನ್ನನ್ನು ನಾಟಕಕ್ಕೆ ಕರೆದರು. ಇಂಗ್ಲೆಂಡಿನ ಹಳೇ ಕಾಲದ ರಾಜನೊಬ್ಬನ ಕಥೆ. ಧರ್ಮ ಬಿಡು ಎಂದ ಶತ್ರುಗಳಿಗೆ ಅವನು ಒಲ್ಲೆ ಎಂದ. ಮರಕ್ಕೆ ಕಟ್ಟಿ ಬಾಣ ಹೊಡೆದರು, ತಲೆ ಕಡಿದು ಕಾಡಿಗೆ ಎಸೆದರು. ಅವನ ಜನ "ಎಲ್ಲಿದ್ದೀರಿ?" ಎಂದು ಹುಡುಕುತ್ತಾ ಬಂದರೆ ಆ ತಲೆಯೇ "ಇಲ್ಲಿ, ಇಲ್ಲಿ, ಇಲ್ಲಿ" ಎಂದಿತಂತೆ. ಹೋಗಿ ನೋಡಿದರೆ ತೋಳವೊಂದು ಅದನ್ನು ಮುಂಗಾಲುಗಳ ನಡುವೆ ಇಟ್ಟುಕೊಂಡು ಕಾಯುತ್ತಿತ್ತು. ಆಮೇಲೆ ಜನ ಅವನನ್ನು ಸಂತನೆಂದು ಕೈಮುಗಿದರು.

ನಾನು ಆ ತಲೆ. ಮೈಯ ಅಗತ್ಯವೇ ಇಲ್ಲದ ಪಾತ್ರ, ನನ್ನಂಥ ಬಡಕಲನಿಗೆ ಹೇಳಿ ಮಾಡಿಸಿದ್ದು. ಮೇಜಿನ ಕೆಳಗೆ ಕೂತು ತೂತಿನಿಂದ ತಲೆ ಹೊರಗೆ ಹಾಕಿದರೆ, ಕುತ್ತಿಗೆಯ ಸುತ್ತ ಎರಡು ಹಲಗೆ ಕೂಡಿಸಿ ಮೇಲಿನಿಂದ ಚಿಲಕ ಹಾಕುತ್ತಿದ್ದರು. ಹೊಳೆನರಸೀಪುರದ ಕಡೆಯ ಒಬ್ಬ ಆಟೋ ಅಣ್ಣ ಕಂಬಳಿ ಹೊದ್ದು ತೋಳನಾಗಿದ್ದ.

"ನಿಮ್ಮ ಸ್ವಂತ ದನಿಯಲ್ಲೇ ಹೇಳಬೇಕು," ಎಂದರು ಫಾದರ್.

"ಅದ್ಯಾವ್ದು ಫಾದರ್?"

"ಯಾವ್ದೋ ಮದ್ವೆ ಮನೇಲಿ ಮರ್ತು ಬಂದವ್ನೆ ಬುಡಿ," ಎಂದ ತೋಳ.

ನಾಟಕದ ದಿನ ನಿಜಕ್ಕೂ ನನ್ನ ದನಿಯಲ್ಲೇ ಹೇಳಬೇಕೆಂದಿದ್ದೆ. ತುಂಬಿದ ಸಭೆ ಕಂಡದ್ದೇ ಬಾಯಿಂದ ಕಂಡಕ್ಟರ್ ಹೊರಬಂದ: "ಇಲ್ಲೀ ಇಲ್ಲೀ ಇಲ್ಲೀ, ಚನ್ರಾಯ್‌ಪಟ್ನ, ಅತ್ಕಳಿ ಅತ್ಕಳಿ." ಸಭೆ ಬಿದ್ದು ಬಿದ್ದು ನಕ್ಕಿತು. ಫಾದರ್ ಕನ್ನಡಕ ತೆಗೆದು ಒರೆಸಿಕೊಂಡರು.

ಪರದೆ ಬಿತ್ತು. ಎಲ್ಲರೂ ಪಕ್ಕದ ಹಾಲಿಗೆ ಊಟಕ್ಕೆ ಓಡಿದರು. ನನ್ನ ಚಿಲಕ ಯಾರಿಗೂ ನೆನಪಾಗಲಿಲ್ಲ.

"ಯಾರಾದ್ರೂ ಬನ್ರಪ್ಪ, ಇಲ್ಲಿವ್ನಿ," ಎಂದು ಕಂಡಕ್ಟರ್ ದನಿಯಲ್ಲೇ ಕೂಗಿದೆ.

"ತಲೆ ಇನ್ನೂ ಮಾತಾಡ್ತಾ ಐತೆ ಕಣ್ಲಾ," ಎಂದರು ಆ ಕಡೆ ಯಾರೋ. ಮೇಷ್ಟ್ರ ಹಾಗೆ ಕೆಮ್ಮಿ ಕರೆದೆ, ಚಪ್ಪಾಳೆ ಬಿತ್ತು. ಫಾದರ್ ದನಿಯಲ್ಲೇ "ಮಕ್ಕಳೇ, ಚಿಲಕ ತೆಗೆಯಿರಿ" ಎಂದೆ. ಫಾದರೇ ನಕ್ಕದ್ದು ಕೇಳಿಸಿತು.

ಸಾಂಬಾರಿನ ಘಮ ಬರುತ್ತಿತ್ತು. ಮೂಗಿನ ಮೇಲೆ ನೊಣ ಕೂತಿತ್ತು, ಕೈ ಹಲಗೆಯ ಕೆಳಗಿತ್ತು. ಆ ರಾಜನ ತಲೆ ಜನ ಬರುವವರೆಗೆ ಎಷ್ಟು ಹೊತ್ತು ಬಿದ್ದಿತ್ತೋ. ಕಥೆ ಹೇಳುವವರು ಆ ಹೊತ್ತನ್ನು ಹಾರಿಸಿಬಿಡುತ್ತಾರೆ. ನನಗೆ ಗೊತ್ತಿದ್ದ ದನಿಗಳೆಲ್ಲ ಮುಗಿದವು. ಕೊನೆಗೆ, ಯಾರನ್ನೂ ಕರೆಯದವನ ಹಾಗೆ, "ಇಲ್ಲಿ" ಅಂದೆ.

ಪರದೆ ಸರಿಯಿತು. ತೋಳ ಎಂಜಲು ಕೈಯಲ್ಲೇ ನಿಂತಿದ್ದ.

"ಯಾರದು?"

"ನಾನೇ ಕಣಣ್ಣ."

"ನೀನಾ? ಆಗ್ಲಿಂದ ನೀನು ಅರಚ್ತಿದ್ದಿದ್ದು ಕೇಳ್ತಿತ್ತು. ಇವನ್ದು ಇದ್ದಿದ್ದೇ ಅಂತ ಉಣ್ತಾ ಕುಂತಿದ್ದೆ. ಈಗ ಯಾರ್ದೋ ಗುರ್ತಿಲ್ದಿರೋ ದನಿ ಕೇಳ್ತು, ಅದ್ಕೇ ಎದ್ದು ಬಂದೆ."

ಎಡಗೈಯಲ್ಲಿ ಚಿಲಕ ತೆಗೆದ. ನಾನು ಕುತ್ತಿಗೆ ಉಜ್ಜಿಕೊಂಡೆ.

ಅರಕಲಗೂಡಿಗೆ ವಾಪಸಾಗುವಾಗ ಬಸ್ಸಿನ ಹಿಂದಿನ ಸೀಟಿನಿಂದ ಫೋನ್ ಮಾಡಿದೆ.

"ಇವತ್ತು ಯಾರ್ಲಾ?"

"ಯಾರೂ ಅಲ್ಲ ಕಣವ್ವ. ನಾನೇ."

ಅವ್ವ ನಗಲಿಲ್ಲ. "ಉಸಾರಿಲ್ವೇನ್ಲಾ?" ಎಂದಳು.

ಹುಷಾರಾಗೇ ಇದ್ದೀನಿ ಅಂದೆ. ಅವತ್ತು ಅವಳು ಫೋನ್ ಇಡಲಿಲ್ಲ.