ಅತ್ತೆ ಸಾಲಿನ ಸೇವಂತಿಗೆ

ಪೆದ್ದಹರಿವಾಣದ ಹೊರಗೆ, ಆದೋನಿಯ ದಾರಿಗೆ ತಾಗಿದಂತೆ ಒಂದು ಹೂವಿನ ತೋಟವಿದೆ. ಮೂಡಣ ಇನ್ನೂ ಬೂದಿ ಬಣ್ಣದಲ್ಲಿರುವಾಗ, ತೋಟದ ಮೂಲೆಯ ಸಮಾಧಿ ಕಟ್ಟೆಯ ಮೇಲೆ ನೆಟ್ಟ ಗಳುವಿನಿಂದ ಜಂಬಮ್ಮ ಕಂದೀಲನ್ನು ಇಳಿಸುತ್ತಾರೆ. ಬತ್ತಿ ತಗ್ಗಿಸಿ, ಗಾಜಿನ ಮೇಲಿಂದ ಊದಿ ಆರಿಸುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಎಣ್ಣೆ ಎಷ್ಟು ಉಳಿದಿದೆ ಎಂದು ಸದ್ದಿನಿಂದಲೇ ತಿಳಿದುಕೊಳ್ಳುತ್ತಾರೆ. ದಿನವೂ ಮಾಡುವ ಕೆಲಸ ಇಷ್ಟು. ಇವತ್ತು ಗಳುವನ್ನೂ ಕಿತ್ತು ಬೇಲಿಗೆ ಒರಗಿಸುತ್ತಾರೆ. ಈ ವರ್ಷ ಇನ್ನು ಅಲ್ಲಿ ಕಂದೀಲು ತೂಗುವುದಿಲ್ಲ.

ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೂವಿನ ಸಾಲಿಗೆ ಇಳಿಯುತ್ತಾರೆ. ಕಾರ್ತಿಕದ ಹುಣ್ಣಿಮೆ ಮೊನ್ನೆ ಕಳೆದಿದೆ. ತೋಟದ ತುಂಬ ಹಳದಿ ಸೇವಂತಿಗೆ. ಹೆಬ್ಬೆರಳಿನ ಉಗುರಿಗೆ ದೇಟು ಸಿಕ್ಕು ಮುರಿಯುವ ಸಣ್ಣ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಬ್ಬನಿ ಇರುವಾಗಲೇ ಕೊಯ್ದ ಹೂ ಆದೋನಿ ಮುಟ್ಟುವವರೆಗೂ ಬಿಗಿಯಾಗಿರುತ್ತದೆ. ಬುಟ್ಟಿಯ ತಳಕ್ಕೆ ಒದ್ದೆ ಗೋಣಿ, ಅದರ ಮೇಲೆ ಔಡಲದ ಎಲೆ, ಮೇಲೆ ಹೂ, ಮತ್ತೆ ಎಲೆ. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ಬರುವ ಹೊತ್ತಿಗೆ ಬುಟ್ಟಿಗಳು ದಾರಿಯ ಬದಿಗೆ ಬಂದಿರಬೇಕು. ಬಸ್ಸಿನವನು ಮಹಾಯುದ್ಧ ಶುರುವಾದಾಗಿನಿಂದ ಹೊತ್ತು ಗೊತ್ತಿಲ್ಲದೆ ಬರುತ್ತಾನೆ, ಆದರೆ ಜಂಬಮ್ಮನ ಬುಟ್ಟಿಗಳಿಗೆ ಮೇಲುಗಡೆ ಜಾಗ ಇಟ್ಟೇ ಇರುತ್ತಾನೆ.

ಇಷ್ಟು ಹಳದಿಯ ನಡುವೆ ಸಮಾಧಿಯ ಸುತ್ತಲಿನ ಎರಡು ಸಾಲು ಮಾತ್ರ ಬರೀ ಹಸಿರು. ಒಂದು ಮೊಗ್ಗೂ ಇಲ್ಲ. ಸಮಾಧಿ ಜಂಬಮ್ಮನ ಅತ್ತೆಯದು, ಹಾಗಾಗಿ ಊರವರು ಅವನ್ನು ‘ಅತ್ತಿ ಸಾಲು’ ಎನ್ನುತ್ತಾರೆ. ಈ ತೋಟ ಉಳಿಯುತ್ತದೋ ಇಲ್ಲವೋ ಎಂಬುದು ಈಗ ಆ ಎರಡು ಸಾಲುಗಳ ಮೇಲೆ ನಿಂತಿದೆ. ಮಾಘದಲ್ಲಿ ಜಂಬಮ್ಮನ ಭಾವ, ಎಂದರೆ ಗಂಡನ ಅಣ್ಣ, ಸುಂಕಪ್ಪನವರ ಮಗಳ ಮದುವೆ. ಅಷ್ಟರೊಳಗೆ ಅತ್ತೆ ಸಾಲು ಹೂ ಬಿಡದಿದ್ದರೆ ಮುಂದಿನ ಮಳೆಗೆ ಇಡೀ ತೋಟ ಉತ್ತು ಹತ್ತಿ ಬಿತ್ತುವುದಾಗಿ ಸುಂಕಪ್ಪ ಹೇಳಿಬಿಟ್ಟಿದ್ದಾರೆ. ಹೊಲ ಪಾಲಾಗಿಲ್ಲ. ಹಿರಿಯನ ಮಾತೇ ಮಾತು.

ಬಿಸಿಲು ಏರುತ್ತದೆ. ಈ ತಿಂಗಳುಗಳಲ್ಲಿ ಹೂ ಕೊಯ್ಯುವುದೇ ಹಗುರ ಕೆಲಸ ಎಂದು, ತೋಟದ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕುಳಿತ ನನಗೆ ತಿಳಿಯುತ್ತದೆ. ದಸರೆಗೆ ಹೂ ಕೊಟ್ಟು ಮುಗಿಸಿದ ಚೆಂಡುಹೂವಿನ ಗಿಡಗಳನ್ನು ಕೀಳಬೇಕು. ಬೀಜಕ್ಕೆಂದು ಗಿಡದಲ್ಲೇ ಒಣಗಲು ಬಿಟ್ಟ ಹೂಗಳನ್ನು ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ, ಒಲೆಯ ಮೇಲಿನ ನೆಲುವಿಗೆ ಏರಿಸಬೇಕು. ಹೂವಿನ ಭಾರಕ್ಕೆ ಬಾಗಿದ ಸೇವಂತಿಗೆಗೆ ಆಸರೆಯಾಗಿ ಹತ್ತಿಕಟ್ಟಿಗೆಯ ಊರೆ ಕೊಡಬೇಕು. ದೊಡ್ಡ ಹೂ ಬೇಕಾದ ಗಿಡದಲ್ಲಿ ಪಕ್ಕದ ಮೊಗ್ಗುಗಳನ್ನು ಕಡಲೆಕಾಳಿನಷ್ಟಿರುವಾಗಲೇ ಚಿವುಟಿ ಹಾಕಬೇಕು. ಮೊದಲ ವರ್ಷ ಆ ಕೆಲಸಕ್ಕೆ ಜಂಬಮ್ಮನ ಕೈ ಏಳುತ್ತಿರಲಿಲ್ಲವಂತೆ. ಈಗ ಮಾತಾಡುತ್ತಲೇ ಚಿವುಟುತ್ತಾರೆ.

ಬಾವಿಯ ಪಕ್ಕದಲ್ಲಿ ಸಸಿಗಳ ಚಪ್ಪರವಿದೆ. ಜೋಳದ ದಂಟಿನ ಗೋಡೆ, ಮೇಲೆ ಆದೋನಿಯ ಹತ್ತಿ ಪ್ರೆಸ್ಸುಗಳಿಂದ ಬಂದ ಹಳೆಯ ಗೋಣಿತಟ್ಟು. ಬೇಸಿಗೆಯಲ್ಲಿ ಆ ತಟ್ಟುಗಳಿಗೆ ನೀರು ಚಿಮುಕಿಸಿ, ತಾಯಿಗಿಡಗಳನ್ನು ಸಾಯದಂತೆ ಇಟ್ಟುಕೊಳ್ಳುವುದು ಇಲ್ಲೇ. ಈಗ ಬಿಸಿಲು ಓರೆಯಾಗಿರುವುದರಿಂದ ದಕ್ಷಿಣದ ಕಡೆಯ ತಟ್ಟುಗಳನ್ನು ಒಂದೊಂದಾಗಿ ತೆಗೆಯುತ್ತ ಬರುತ್ತಾರೆ. ಒಮ್ಮೆಗೇ ತೆಗೆದರೆ ಎಳೆಯ ಎಲೆ ಸುಡುತ್ತದೆ. ಕೆಳಗೆ, ಒಡೆದ ಗಡಿಗೆಗಳ ತಳದಲ್ಲಿ ಕುರಿಗೊಬ್ಬರ ಬೆರೆಸಿದ ಮಣ್ಣು. ಹೂ ಮುಗಿದ ಗಿಡದ ಬುಡದಿಂದ ಬಿಡಿಸಿದ ಮರಿಗಳು ಅಲ್ಲಿ ಬೇರು ಹಿಡಿಯುತ್ತವೆ. ಗೊಬ್ಬರ ಗಂಡ ಮಲ್ಲಯ್ಯನವರ ಹಿಂಡಿನದು. ಅವರು ಕಂಡವರ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬುತ್ತ ವರ್ಷದ ಬಹುಪಾಲು ಊರ ಹೊರಗೇ ಇರುತ್ತಾರೆ.

“ಆತ ಅಲ್ಲಿ ಮರಿ ಕಾಯ್ತಾನ, ನಾ ಇಲ್ಲಿ ಮರಿ ಕಾಯ್ತೀನಿ,” ಎನ್ನುತ್ತಾರೆ ಜಂಬಮ್ಮ. “ನನ್ನ ಮರಿಗೆ ತ್ವಾಳದ ಕಾಟ ಇಲ್ಲ, ಅಷ್ಟಽ.”

ಅವರ ತವರು ಪೆದ್ದಕಡುಬೂರು. ಮದುವೆಯಾಗಿ ಬಂದಾಗ ಈ ತೋಟ ಅತ್ತೆ ಉಚ್ಚಮ್ಮನದು. ಉಚ್ಚಮ್ಮ ಬದುಕಿರುವವರೆಗೂ ಸೊಸೆಗೆ ಹೂ ಕೊಯ್ಯಲು ಬಿಡಲಿಲ್ಲ. ನಿನ್ನದು ಉರಿ ಕೈ, ಮುಟ್ಟಿದರೆ ಹೂ ಬಾಡುತ್ತದೆ, ನೀನು ನೀರು ಸೇದು ಎಂದು ಮೊದಲ ದಿನವೇ ಹೇಳಿದ್ದರು. ಹಾಗಾಗಿ ಬಾವಿ ಸೊಸೆಯ ಪಾಲಿಗೆ, ಹೂ ಅತ್ತೆಯ ಪಾಲಿಗೆ. ಉಚ್ಚಮ್ಮ ಎಲ್ಲವನ್ನೂ ತೆಗೆದಿಡುವ ಹೆಂಗಸು. ಮನೆಗೆ ಹೊಸ ಬೆಲ್ಲ ಬಂದರೆ ಅದು ನೇರ ಅಟ್ಟದ ಗಡಿಗೆಗೆ. ಮನೆಯವರು ಹಳೆಯದನ್ನೇ ಕೆರೆದು ತಿನ್ನಬೇಕು. “ಇರಿವಿ ತಿಂದ್ರೂ ಸೈ, ನಮಗ ಕೊಡ್ತಿದ್ದಿಲ್ಲ,” ಎಂದು ಜಂಬಮ್ಮ ನಗುತ್ತಾರೆ. ಅತ್ತೆ ಸೊಸೆಯ ಜಗಳ ಆದೋನಿಯ ಸಂತೆಗೂ ಕೇಳುತ್ತಿತ್ತು ಎಂಬುದು ಊರಿನ ಮಾತು.

ನಾಲ್ಕು ವರ್ಷದ ಹಿಂದಿನ ಆಷಾಢದಲ್ಲಿ ಉಚ್ಚಮ್ಮ ತೀರಿಕೊಂಡರು. ಅವರ ಆಸೆಯಂತೆ ತೋಟದ ಮೂಲೆಯಲ್ಲೇ ಮಣ್ಣು ಮಾಡಿ, ಮೇಲೆ ಕಟ್ಟೆ ಕಟ್ಟಿದರು. ಸಂಜೆ ದೀಪ ಇಡುವ ಕೆಲಸ ಸೊಸೆಗೆ ಬಂತು. ಜಂಬಮ್ಮ ದೊಡ್ಡ ಹಣತೆಯನ್ನೇ ಇಟ್ಟರು, ಬೆಳಗಿನವರೆಗೂ ಉರಿಯುವಷ್ಟು ಎಣ್ಣೆ ಹಾಕಿ. ಆ ಕಾರ್ತಿಕದಲ್ಲಿ ತೋಟವೆಲ್ಲ ಹೂವಾಯಿತು. ಕಟ್ಟೆಗೆ ಒತ್ತಿಕೊಂಡು ನಿಂತಿದ್ದ ಕೆಲವು ಗಿಡ ಮಾತ್ರ ಮೊಗ್ಗು ಕಟ್ಟಲಿಲ್ಲ. ನೀರಿಗೆ ಬಂದ ಹೆಂಗಸರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

“ಸತ್ರೂ ನಿಮ್ಮತ್ತಿ ನಿನಗ ಹೂ ಮುಟ್ಟಗೊಡವೊಲ್ಲಳಲ್ಲ ಜಂಬಮ್ಮ,” ಎಂದಳು ಒಬ್ಬಳು. ಮಾತು ಊರೆಲ್ಲ ಹಬ್ಬಿತು.

ಅತ್ತೆಯ ಮುನಿಸು ಇಳಿಸಬೇಕೆಂದು ಜಂಬಮ್ಮ ಮರುವರ್ಷ ಹಣತೆಯ ಬದಲು ಕಂದೀಲು ತಂದರು. ಗಳು ನೆಟ್ಟು, ಭಾದ್ರಪದದಿಂದಲೇ ರಾತ್ರಿಯಿಡೀ ಉರಿಯುವಂತೆ ತೂಗುಹಾಕಿದರು. ಆ ಸಲ ಕೆಲವು ಗಿಡವಲ್ಲ, ಎರಡು ಸಾಲಿಗೆ ಸಾಲೇ ಹಸಿರಾಗಿ ನಿಂತವು. ದೀಪ ದೊಡ್ಡದಾದಷ್ಟೂ ಮುನಿಸು ದೊಡ್ಡದಾಯಿತು. ಹಣ್ಣುಕಾಯಿ ಆಯಿತು, ಕಟ್ಟೆಗೆ ಹೊಸ ಸೀರೆ ಹೊದಿಸಿದ್ದಾಯಿತು. ಸುಂಕಪ್ಪನವರಿಗೆ ಆಗಲೇ ದಿಗಿಲು ಹತ್ತಿತು. ಬೆಳೆದ ಮಗಳಿದ್ದಾಳೆ, ಮುನಿದ ಮುದುಕಿ ಕಾಯುವ ಮನೆ ಎಂದು ಹೆಸರು ಬಿದ್ದರೆ ಹೆಣ್ಣು ಕೇಳಲು ಯಾರು ಬರುತ್ತಾರೆ? ತಾಯಿಯನ್ನು ಕೆಣಕುವ ಹೂವೇ ಬೇಡ, ಹತ್ತಿ ಹಾಕಿಬಿಡೋಣ ಎಂಬ ಮಾತು ಅವರ ಬಾಯಿಂದ ಮೊದಲ ಸಲ ಬಂದದ್ದು ಆ ಚಳಿಗಾಲದಲ್ಲಿ. ಇನ್ನೊಂದು ಕಾರ್ತಿಕ ನೋಡಿ ಎಂದು ಮಲ್ಲಯ್ಯ ಅಣ್ಣನ ಕಾಲು ಹಿಡಿದು ತಡೆದರು.

ಅಷ್ಟರಲ್ಲಿ ಯುದ್ಧದ ಬಿಸಿ ಇಲ್ಲಿಗೂ ಮುಟ್ಟಿ, ಸೀಮೆಎಣ್ಣೆ ಎಲ್ಲೂ ಸಿಗದಂತಾಯಿತು. ಒಳ್ಳೆಣ್ಣೆ ಒಗ್ಗರಣೆಗೇ ಸಾಲದು. ಕೊನೆಯ ಅವಕಾಶದ ವರ್ಷವೇ ಸಮಾಧಿಗೆ ಕತ್ತಲೆ. ಜಂಬಮ್ಮ ಹೆದರಿಕೊಂಡೇ ದಿನ ದೂಡಿದರು. ಕಾರ್ತಿಕ ಬಂತು. ಅತ್ತೆ ಸಾಲು ಸೇರಿ ಇಡೀ ತೋಟ ಒಟ್ಟಿಗೆ ಅರಳಿತು.

ತೋಟ ಉಳಿಯಿತು. ಊರಿಗೆ ಹೊಸ ಮಾತು ಸಿಕ್ಕಿತು. ಸೊಸೆ ದೀಪ ಬಿಟ್ಟ ಮೇಲೆ ಅತ್ತೆಗೆ ಕಣ್ತುಂಬ ನಿದ್ದೆ ಬಂತು ಎಂದು ಸುಂಕಪ್ಪನವರ ಹೆಂಡತಿ ಬಸವಕ್ಕನೇ ಆಡಿದರಂತೆ.

“ಹೂ ಬಂತಂತ ಎಲ್ಲಾರೂ ನಕ್ರು,” ಎನ್ನುತ್ತಾರೆ ಜಂಬಮ್ಮ, ಊರೆಗೆ ನಾರು ಬಿಗಿಯುತ್ತ. “ನನಗ ಅಳು ಬಂತು. ನಾ ಹಚ್ಚಿದ ದೀಪನ ಆಕಿಗೆ ಬ್ಯಾಡಾಗಿತ್ತಲ್ಲ ಅಂತ.”

ಹೋದ ವರ್ಷ ಕೂಪನ್ನಿನ ಮೇಲೆ ಒಂದಿಷ್ಟು ಸೀಮೆಎಣ್ಣೆ ಸಿಕ್ಕಿತು. ಅತ್ತೆಯ ಹೆಸರಿನ ದೀಪ ಬಿಡಲು ಮನಸ್ಸು ಒಪ್ಪದು. ಸಮಾಧಿಯ ಹತ್ತಿರ ಇಡಲು ಧೈರ್ಯ ಸಾಲದು. ಜಂಬಮ್ಮ ಕಂದೀಲನ್ನು ತೋಟದ ಆ ತುದಿಗೆ, ಬಾವಿ ಕಟ್ಟೆಯ ಮೇಲೆ ತೂಗುಹಾಕಿದರು. ಕಾರ್ತಿಕ ಬಂದಾಗ ಸಮಾಧಿಯ ಸಾಲು ಹೂವಾಗಿತ್ತು. ಬಾವಿಯ ಪಕ್ಕದ ಸಾಲು ಹಸಿರಾಗಿ ನಿಂತಿತ್ತು.

“ನಮ್ಮತ್ತಿ ಬಾವಿ ಕಟ್ಟಿಗೆ ಯಾಕ ಬರ್ತಾಳ?” ಎಂದು ಕೇಳುತ್ತಾರೆ. “ಬದಕಿದ್ದಾಗ ಒಂದ್ ಕೊಡ ನೀರು ಸೇದಿದಾಕಿ ಅಲ್ಲ. ಸತ್ತ ಮ್ಯಾಲೆ ಸೇದಾಕ ಬಂದಾಳೇನು? ಆಗ ತಿಳೀತು ನನಗ. ಮುನಿಸು ಆಕೀದಲ್ಲ, ಕಂದೀಲದ್ದು. ರಾತ್ರಿ ಉದ್ದ ಆದ್ರ ಶ್ಯಾವಂತಿ ಮೊಗ್ಗು ಹಿಡೀತೈತಿ. ರಾತ್ರೆಲ್ಲಾ ಬೆಳಕಿದ್ರ ಅದಕ್ಕ ಇನ್ನಾ ಬ್ಯಾಸಗಿ ಐತಿ ಅನಸ್ತೈತಿ.”

ದೀಪ ತೆಗೆದ ಮೇಲೆ ಬಾವಿಯ ಸಾಲು ತಡವಾಗಿ, ಊರಲ್ಲಿ ಎಲ್ಲೂ ಸೇವಂತಿಗೆ ಇಲ್ಲದ ದಿನಗಳಲ್ಲಿ ಅರಳಿತು. ಆದೋನಿಯಲ್ಲಿ ಹೂ ಮಾರುವಾಕೆ ಬುಟ್ಟಿಯ ಎಲೆ ಸರಿಸಿ, “ಎಕ್ಕಡಿದಮ್ಮಾ ಈ ಪೂವು, ಈ ತಿಂಗಳದಾಗ?” ಎಂದು ತೆಲುಗು ಬೆರೆಸಿ, ಹೂ ಎಲ್ಲಿಯದೆಂದು ಕೇಳಿ, ಬಾಯಿ ತೆರೆದು ನಿಂತಳಂತೆ.

ಅದಕ್ಕೇ ಈ ವರ್ಷ ಜಂಬಮ್ಮ ಬೇಕೆಂದೇ ಕಂದೀಲನ್ನು ಮತ್ತೆ ಸಮಾಧಿಯ ಮೇಲೆ ತೂಗಿದ್ದು. ಸುಂಕಪ್ಪನವರ ಮಗಳನ್ನು ಹಾಲಹರವಿಗೆ ಕೊಟ್ಟು ಮಾಡುತ್ತಿದ್ದಾರೆ. ಮಾಘದ ಮದುವೆಗೆ ರೈಲಿನಲ್ಲಿ ಬಂದ ಬಾಡಿದ ಹೂವೇ ಗತಿ. ಮನೆಮಗಳ ಕೊರಳ ದಂಡೆಗೆ ಮನೆಯ ಹೂವೇ ಇರಲಿ, ಅದೂ ಅಜ್ಜಿಯ ಸಾಲಿನದು ಎಂಬುದು ಜಂಬಮ್ಮನ ಲೆಕ್ಕ. ಆದರೆ ಬಾವಿಯ ಸಾಲಿನ ಕಥೆಯನ್ನು ಸುಂಕಪ್ಪ ನಂಬಿಲ್ಲ. ಸಮಾಧಿಯ ಮೇಲೆ ದೀಪ, ಸುತ್ತ ಹಸಿರು ಸಾಲು, ಇಷ್ಟೇ ಅವರಿಗೆ ಕಾಣುವುದು.

ಬಿಸಿಲು ನೆತ್ತಿಗೆ ಬರುವ ಮುಂಚೆ ಅವರೇ ಎತ್ತು ಹಿಡಿದುಕೊಂಡು ನೀರಿಗೆ ಬರುತ್ತಾರೆ. ಹಿಂದೆ ಬುತ್ತಿ ಹೊತ್ತ ಬಸವಕ್ಕ. ಭಾವನೆದುರು ನಿಂತು ಮಾತಾಡುವ ವಾಡಿಕೆ ಆ ಮನೆಯಲ್ಲಿಲ್ಲ. ಜಂಬಮ್ಮ ಸೆರಗು ಎಳೆದುಕೊಂಡು ಚಪ್ಪರದ ಮರೆಗೆ ಸರಿಯುತ್ತಾರೆ. ಸುಂಕಪ್ಪ ಎತ್ತಿನ ಕೊರಳು ಸವರುತ್ತಾರೆ.

“ನೋಡಿದೇನೋ ಕರಿಯಾ, ಮಲಗಿದ ಮುದುಕಿನ್ನ ಮತ್ತ ಎಬ್ಬಿಸ್ಯಾರ. ಮುಂದಿನ ಮಳಿಗೆ ನಿನಗ ಇಲ್ಲೇ ಕೆಲಸ.”

“ಅಕ್ಕಾ, ಅವರಿಗೆ ಹೇಳ್ರಿ,” ಎನ್ನುತ್ತಾರೆ ಜಂಬಮ್ಮ ಮರೆಯಿಂದ. “ಇವತ್ತು ದೀಪ ಇಳಿಸೀನಿ. ಮದುವಿಗೆ ಹೂ ಈ ಸಾಲಾಗಽ ಕೊಯ್ಯೋಣು. ಬರಲಿಲ್ಲಂದ್ರ ನಾನಽ ಎತ್ತಿನ ಮುಂದ ಹಗ್ಗ ಹಿಡೀತೀನಿ.”

ಬಸವಕ್ಕ ಬುತ್ತಿ ಇಳಿಸಿ ಇಬ್ಬರನ್ನೂ ನೋಡುತ್ತಾರೆ. “ಇಬ್ರೂ ಇಲ್ಲೇ ಅದೀರಿ, ನಡುವ ನಾ ಯಾಕ ಸಾಯ್ಲಿ? ಆ ಎತ್ತಿಗೇ ಬಿಡ್ರಿ ನ್ಯಾಯ. ಅದಽ ನಿಮ್ಮಿಬ್ಬರಗಿಂತ ಶಾಣೇದು.”

ಸುಂಕಪ್ಪ ನಗುವುದಿಲ್ಲ. ಮಾಘದವರೆಗೆ ಎಂದಷ್ಟೇ ಎತ್ತಿಗೆ ಹೇಳಿ ಹೊರಡುತ್ತಾರೆ.

ಆ ಸಂಜೆಯಿಂದ ಸಮಾಧಿಗೆ ಪುಟ್ಟ ಹಣತೆ. ಬೆರಳು ಅದ್ದುವಷ್ಟು ಎಣ್ಣೆ. ದನ ಕಟ್ಟಿ ಮುಗಿಯುವಷ್ಟರಲ್ಲಿ ತಾನೇ ಆರುತ್ತದೆ. ಉಳಿದ ರಾತ್ರಿ ಗಿಡಗಳದ್ದು.

ಮಾಘದಲ್ಲಿ ನಾನು ಮತ್ತೆ ಹೋದಾಗ ತೋಟದ ಚಹರೆ ಬದಲಾಗಿದೆ. ಕೊಯ್ದು ಮುಗಿದ ಸಾಲುಗಳಲ್ಲಿ ಒಣ ಬುಡಗಳು. ಚಪ್ಪರದ ದಕ್ಷಿಣಕ್ಕೆ ಈಗ ಒಂದು ತಟ್ಟೂ ಇಲ್ಲ, ಮರಿಗಳು ಪೂರ್ತಿ ಬಿಸಿಲಲ್ಲಿ ನಿಂತಿವೆ. ಪುಷ್ಯ ಕಾಲಿಟ್ಟರೂ ಅತ್ತೆ ಸಾಲಿನಲ್ಲಿ ಮೊಗ್ಗಿನ ತಲೆ ಕಾಣದೆ, ಬಸವಕ್ಕ ಯಾರಿಗೂ ಹೇಳದೆ ಆದೋನಿಯಲ್ಲಿ ರೈಲು ಹೂವಿಗೆ ಹೇಳಿಟ್ಟು ಬಂದಿದ್ದರಂತೆ. ಜಂಬಮ್ಮ ದಿನವೂ ಬೆಳಿಗ್ಗೆ ತುದಿ ಎಲೆಗಳನ್ನು ಬಿಡಿಸಿ ನೋಡುತ್ತಿದ್ದರು. ಒಂದು ದಿನ ಬೆರಳಿಗೆ ರಾಗಿ ಕಾಳಿನಷ್ಟು ಗಟ್ಟಿಯಾದದ್ದೇನೋ ತಗುಲಿತು.

ಈಗ ಎರಡು ಸಾಲು ಹಳದಿಯಾಗಿ ನಿಂತಿವೆ. ಸುತ್ತ ಎಲ್ಲ ಬರಿದಾಗಿರುವುದರಿಂದ ದಾರಿಯಿಂದಲೇ ಕಾಣುತ್ತವೆ. ನಾಳೆ ಮದುವಣಗಿತ್ತಿಗೆ ಎಣ್ಣೆ ಅರಿಶಿಣ. ಬುಟ್ಟಿ ಒಯ್ಯಲು ಸುಂಕಪ್ಪ ಬಂಡಿ ತಂದಿದ್ದಾರೆ. ಕೆಳಗಿಳಿದು, ತಾಯಿಯ ಕಟ್ಟೆಗೆ ಕೈ ಮುಗಿಯುತ್ತಾರೆ. ಚಪ್ಪರದ ಮರೆಯಿಂದ ಜಂಬಮ್ಮ ನೋಡುತ್ತಿದ್ದಾರೆ. ಬಂಡಿಯ ಎತ್ತು ಹಸಿರಿನ ಕಡೆ ಮೂತಿ ಚಾಚುತ್ತದೆ. ಸುಂಕಪ್ಪ ಹಗ್ಗ ಜಗ್ಗುತ್ತಾರೆ.

“ಏ ಕರಿಯಾ, ಈ ತ್ವಾಟದಾಗ ಇನ್ನ ಕಾಲಿಟ್ಟಿ ಅಂದ್ರ ಕಾಲು ಮುರೀತೀನಿ ನೋಡು.”

ಮರೆಯಲ್ಲಿ ಜಂಬಮ್ಮ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಬಸವಕ್ಕ ಬುಟ್ಟಿ ಎತ್ತುತ್ತ, ಉರಿ ಕೈಯ ಹೂ ಎಷ್ಟು ಹೊತ್ತು ತಡೆಯುತ್ತದೋ ನೋಡೋಣ ಎನ್ನುತ್ತಾರೆ. ಎನ್ನುತ್ತಲೇ ಒಂದು ಹೂವನ್ನು ತಮ್ಮ ತುರುಬಿಗೆ ಸಿಕ್ಕಿಸಿಕೊಳ್ಳುತ್ತಾರೆ. ಅಂತೂ ಅತ್ತೆ ತಡೆದ ಹೂ ಬಿಟ್ಟುಕೊಟ್ಟಳು ಎಂಬ ಮಾತು ಬಂಡಿಯ ಹಿಂದೆಯೇ ಊರೊಳಗೆ ಹೋಗುತ್ತದೆ.

ಬಂಡಿ ಮರೆಯಾದ ಮೇಲೆ ಜಂಬಮ್ಮ ಚಪ್ಪರದಿಂದ ಹೊರಗೆ ಬರುತ್ತಾರೆ. ಎಲ್ಲ ಕೊಯ್ದ ಮೇಲೂ ಕಟ್ಟೆಗೆ ಒತ್ತಿಕೊಂಡ ಗಿಡದಲ್ಲಿ ಒಂದಿಷ್ಟು ಹೂ ಬಿಟ್ಟಿದ್ದಾರೆ. ಊರಿನ ಮಾತು ಅವರಿಗೂ ಕೇಳಿಸಿದೆ.

“ಕಂದೀಲದ ಕೆಲಸ ಅಂತ ನನಗ ಗೊತ್ತೈತಿ ತಂಗಿ. ಮಂದಿಗೆ ಹೇಳಿದ್ರ ನಂಬಂಗಿಲ್ಲ, ನಂಬೂದೂ ಬ್ಯಾಡ. ಆದ್ರ ಒಂದ್ ಬರಕೋ. ನಾ ಹಡದಾಗ ನಮ್ಮತ್ತಿ ಅಟ್ಟದ ಗಡಿಗಿ ಪೂರಾ ಇಳಿಸಿದ್ಲು, ಅಷ್ಟೂ ಹೊಸ ಬೆಲ್ಲ ನನ್ನೊಬ್ಬಾಕಿಗೇ.” ಕಟ್ಟೆಯ ಮೇಲಿನ ಒಣ ಎಲೆಗಳನ್ನು ಕೈಯಿಂದ ಗುಡಿಸಿ ಹಾಕುತ್ತಾರೆ. “ಆಕಿ ಹೂ ತಡದಿಲ್ಲ. ತಗದಿಟ್ಟಿದ್ಲು.”