ಕಾಗೆ ಕಾಯಲು ಕುಳಿತ ಅತ್ತೆ

ಚಕ್ಕುಲಿ ಒರಳು ತರಲು ಕೆಳಗಿಳಿದವಳು ಅದನ್ನು ಹುಡುಕಿ ಮತ್ತೆ ತಾರಸಿಗೆ ಬಂದರೆ, ಸಂಡಿಗೆ ಹಿಟ್ಟಿನ ಪಾತ್ರೆಯ ಸುತ್ತ ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಬಟ್ಟಲು ಹಿಡಿದು ಕುಳಿತಿದ್ದರು. ಬಟ್ಟಲಲ್ಲಿ ನನ್ನ ಬಿಸಿ ಹಿಟ್ಟು, ಅದರ ಮೇಲೆ ಅವರು ತಂದ ಕಡಲೆಕಾಯಿ ಎಣ್ಣೆ, ಖಾರದಪುಡಿ.

ತೊಂಬತ್ತರ ದಶಕ. ಯಜಮಾನರನ್ನು ಬ್ಯಾಂಕಿನವರು ಸೂರತ್ತಿಗೆ ವರ್ಗ ಮಾಡಿ, ನಾವು ಅಲ್ಲಿನ ಅಡಾಜಣ್‌ನಲ್ಲಿ ಕಳೆಯುತ್ತಿದ್ದ ಮೊದಲ ಬೇಸಿಗೆ ಅದು. ವರ್ಷಕ್ಕಾಗುವಷ್ಟು ಸಂಡಿಗೆಗೆಂದು ನಸುಕಿನಲ್ಲೇ ಎದ್ದು, ರಟ್ಟೆ ಬೀಳುವಂತೆ ತಿರುವಿದ್ದ ಅಕ್ಕಿಹಿಟ್ಟು.

ಕಾವಲಿಗೆ ಕೋಲು ಕೊಟ್ಟು ಕೂರಿಸಿದ್ದ ಅತ್ತೆಯ ಕಡೆ ನೋಡಿದೆ. ಮಕ್ಕಳು ಒಂದು ಚೂರು ಹಿಟ್ಟು ಕದ್ದರೂ ಗದರುವವರು, ಕೋಲು ಬದಿಗಿಟ್ಟು ತಾವೂ ಒಂದು ಬಟ್ಟಲು ಹಿಡಿದಿದ್ದರು.

"ಕಾಗೆ ಒಂದೂ ಬರಲಿಲ್ಲ ಕಣೇ. ಇವರು ಬಂದ್ರು," ಎಂದರು ತಣ್ಣಗೆ.

ಎದುರುಮನೆಯ ಹಂಸಾಬೆನ್ ನನ್ನ ಕೈಗೂ ಒಂದು ಬಟ್ಟಲಿಟ್ಟು, "ಭಾಭಿ, ಐಸಾ ಖೀಚು ಕೋಯಿ ಸುಖಾತಾ ಹೈ?" ಎಂದು ಮರುಕಪಟ್ಟರು. ಅವರ ಪಾಲಿಗೆ ಅದು ಖೀಚು, ಎಣ್ಣೆ ಹಾಕಿ ಬಿಸಿಬಿಸಿ ತಿನ್ನುವ ತಿಂಡಿ. ಅಂಥದ್ದನ್ನು ಬಿಸಿಲಿಗೆ ಹಾಕಿ ಒಣಗಿಸುವವರೂ ಉಂಟೇ ಎಂಬುದು ಅವರ ಸಂಕಟ.

ಆ ವರ್ಷ ನಮ್ಮ ಡಬ್ಬಿಗೆ ಒಂದು ಸಂಡಿಗೆಯೂ ಬೀಳಲಿಲ್ಲ. ಮರುವರ್ಷ ಬೇಸಿಗೆಗೆ ಊರಿನಿಂದ ಬಂದ ಅತ್ತೆ ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಕಡಲೆಕಾಯಿ ಎಣ್ಣೆ ತಂದಿಟ್ಟಿದ್ದೀಯೇನೇ?"