ಗಾಜಿನ ಹಿಂದಿನ ಏಡಿ

ಜೋಗುಪಾಳ್ಯದ ಬಷೀರ್ ಕಟ್ಟು ಹಾಕದ ವಸ್ತುವೇ ಇರಲಿಲ್ಲ. ದೇವರ ಪಟ, ಕಾಬಾದ ಪಟ, ಮದುವೆಯ ಫೋಟೋ, ಎಲ್ಲಕ್ಕೂ ಗಾಜು ಕೊಯ್ದು ಚೌಕಟ್ಟು ಕೂರಿಸುವುದು ಅವನ ಕಸುಬು. ನಲವತ್ತಾರನೇ ಇಸವಿಯಲ್ಲಿ ರಿಚರ್ಡ್ಸ್ ಟೌನಿನ ಒಬ್ಬ ಬಿಳಿ ದೊರೆ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹಡಗು ಹತ್ತುವ ಮುಂಚೆ ತನ್ನ ಗಾಜಿನ ತೊಟ್ಟಿಯನ್ನೂ ಅದರೊಳಗಿನ ಕೆಂಪು ಮೀನುಗಳನ್ನೂ ಇವನಿಗೆ ಒಪ್ಪಿಸಿ ಹೋದ. ಅಲ್ಲಿಗೆ ಬಷೀರನ ಮನಸ್ಸು ತೊಟ್ಟಿಯೊಳಗೇ ಬಿತ್ತು.

ಮೀನಿಗೆ ಹಸಿರು ಬೇಕೆಂದು ಹಲಸೂರು ಕೆರೆಯಿಂದ ಪಾಚಿ ತಂದು ಹಾಕಿದ. ಅದರ ಜೊತೆ ಕರೆಯದ ನೆಂಟನಂತೆ ಒಂದು ಏಡಿಯೂ ಬಂತು. ಬಂದದ್ದೇ ತೊಟ್ಟಿ ಹತ್ತಿ ಇಳಿದು, ಹೆಂಡತಿ ಕಮರುನ್ನೀಸಾಳ ಹಾಸಿಗೆ ಸೇರಿತು.

"ಅಜೀ, ಈ ಮನೇಲಿ ಅದಿರ್ಬೇಕು, ಇಲ್ಲಾ ನಾನಿರ್ಬೇಕು!"

"ಇಬ್ರೂ ಇರಿ," ಎಂದ ಬಷೀರ್.

ಏಡಿ ಯಾಕೆ ಓಡುತ್ತದೆಂದು ಅವನಿಗೆ ನೋಡನೋಡುತ್ತ ತಿಳಿಯಿತು. ಅದಕ್ಕೆ ಆಗಾಗ ನೀರಿನಿಂದ ಮೇಲೆ ಬಂದು ಕೂರಬೇಕು. ನೀರು ತಗ್ಗಿಸಿ, ಕಲ್ಲು ಪೇರಿಸಿ, ಮೇಲೆ ತಂತಿಬಲೆಯ ಮುಚ್ಚಳ ಮಾಡಿದ. ಒಂದು ಮೀನು ಬಾಲ ಕಳೆದುಕೊಂಡ ಮೇಲೆ ದಿನಾ ಒಂದು ಚೂರು ಮಾಂಸ ಹಾಕತೊಡಗಿದ. ಹೊಟ್ಟೆ ತುಂಬಿದ ಏಡಿ ಮತ್ತೆ ಮೀನಿನ ತಂಟೆಗೆ ಹೋಗಲಿಲ್ಲ. ಬಷೀರನ ಬೆರಳು ಕಂಡರೆ ಸಾಕು, ಕಲ್ಲು ಹತ್ತಿ ಬರುತ್ತಿತ್ತು.

ಆ ಮನೆಯಲ್ಲಿ ಏಡಿ ತಿನ್ನುವವರಿಲ್ಲ, ಹಾಗಾಗಿ ಅದರ ಜೀವಕ್ಕೆ ಅಲ್ಲಿ ಭಯವಿರಲಿಲ್ಲ. ಭಯ ಬಂದದ್ದು ಪಕ್ಕದ ಮನೆಯಿಂದ. ಅಲ್ಲಿ ಮುನಿವೆಂಕಟಮ್ಮ ಮತ್ತು ಅವಳ ಕೆಂಪು ಹುಂಜ. ಬೀದಿಯನ್ನೆಲ್ಲ ಎಬ್ಬಿಸುವ ಆ ಹುಂಜವನ್ನು ಅವಳು ಮಗನಂತೆ ಮುದ್ದು ಮಾಡುತ್ತಿದ್ದಳು. ಬೇಸಿಗೆಯಲ್ಲಿ ಅವಳ ಮಗಳಿಗೆ ನೆಗಡಿ ಎದೆಗೆ ಇಳಿದು, ಕೆಮ್ಮು ಹತ್ತಿತು. ಏಡಿ ಸಾರು ಬಿಟ್ಟರೆ ಬೇರೆ ಮದ್ದಿಲ್ಲವೆಂಬುದು ಅವರ ಮನೆಯ ನಂಬಿಕೆ. ಕೆರೆ ಬತ್ತಿ ಏಡಿಗಳೆಲ್ಲ ಬಿಲ ಸೇರಿದ್ದವು.

"ಸಾಬ್ರೇ, ನಿಮ್ದೊಂದೇ ಸಾಕು. ಜಜ್ಜಿ ರಸ ತೆಗೀತೀನಿ," ಎಂದಳು.

ಕಮರುನ್ನೀಸಾಳ ಹೆರಿಗೆಗೆ ಹಗಲಿರುಳು ಕೂತಿದ್ದವಳು ಅವಳು. ಇಲ್ಲವೆನ್ನಲು ಬಷೀರನಿಗೆ ನಾಲಗೆ ಏಳಲಿಲ್ಲ. "ಬೆಳಿಗ್ಗೆ ಬನ್ನಿ ಅಕ್ಕಾ," ಎಂದವನು ಊಟ ಬಿಟ್ಟ. ಏಡಿ ಕಂಡರಾಗದ ಕಮರುನ್ನೀಸಾ ಕೂಡ ಅವನಿಗೆ ಗೊತ್ತಾಗದಂತೆ ಅದಕ್ಕೊಂದು ದೊಡ್ಡ ಚೂರು ಮಾಂಸ ಹಾಕಿದಳು.

ಬೆಳಿಗ್ಗೆ ನೋಡಿದರೆ ಏಡಿ ತೊಟ್ಟಿಯ ತಳದಲ್ಲಿ ಅಲುಗಾಡದೆ ಬಿದ್ದಿತ್ತು. ಮುನಿವೆಂಕಟಮ್ಮ ಮಡಕೆ ಹಿಡಿದು ಬಂದಳು. ಬಗ್ಗಿ ತೊಟ್ಟಿಯನ್ನು ನೋಡಿದಳು, ಆಮೇಲೆ ಬಷೀರನ ಮುಖ ನೋಡಿದಳು.

"ಸತ್ತೋಗೈತೆ ಬಿಡಿ. ಸತ್ತ ಏಡಿ ಸಾರಿಗೆ ಬರಲ್ಲ," ಎಂದು ಬರಿ ಮಡಕೆಯೊಡನೆ ಹೊರಟುಹೋದಳು.

ಮಧ್ಯಾಹ್ನ ಅಂಗಡಿಯಿಂದ ಬಂದು, ಹೂಳೋಣವೆಂದು ಬಷೀರ್ ಏಡಿಯನ್ನು ಎತ್ತಿದ. ತೂಕವೇ ಇಲ್ಲ, ಒಳಗೆಲ್ಲ ಟೊಳ್ಳು. ಕಲ್ಲು ಸರಿಸಿದರೆ ಸಂದಿಯಲ್ಲಿ ಅದೇ ಏಡಿ, ಹಾವಿನಂತೆ ಪೊರೆ ಬಿಟ್ಟು, ಮೆತ್ತಗೆ, ಬೆಳ್ಳಗೆ, ಕಣ್ಣು ಆಡಿಸುತ್ತ ಕೂತಿತ್ತು! ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಕೆಮ್ಮು ಕೇಳಿಸಿತು. ಇನ್ನು ಸುಮ್ಮನಿದ್ದರೆ ಮೋಸವಾಗುತ್ತದೆ. ಏಡಿಯನ್ನು ಬೋಗುಣಿಗೆ ಇಳಿಸಿಕೊಂಡು, ಕಾಲೆಳೆಯುತ್ತ ಹೋದ.

ಅವಳ ಅಂಗಳದ ತುಂಬ ಕೆಂಪು ಪುಕ್ಕ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

"ಅಕ್ಕಾ, ಇದು ಸತ್ತಿರ್ಲಿಲ್ಲ. ಅಲ್ಲಾನಾಣೆ, ನಂಗೆ ಗೊತ್ತಿರ್ಲಿಲ್ಲ."

"ನಂಗೆ ಗೊತ್ತಿತ್ತು. ಕೆರೆ ಏರಿ ಮೇಲೆ ಬೆಳೆದೋಳು ನಾನು, ಪೊರೆ ಯಾವ್ದು, ಹೆಣ ಯಾವ್ದು ತಿಳಿಯಲ್ವಾ? ನಿಮ್ಮ ಮುಖ ನೋಡಕ್ಕಾಗ್ಲಿಲ್ಲ, ಅದಕ್ಕೆ ಹಂಗಂದೆ."

"ಹುಂಜ ಅಕ್ಕಾ..."

"ಕೋಳಿ ಸಾರಿಗೂ ಕೆಮ್ಮು ಹೋಗ್ತದೆ. ಅದು ನಂದು, ಯಾರನ್ನ ಕೇಳ್ಬೇಕು?" ಎಂದವಳು ಒಲೆಯ ಕಡೆ ತಿರುಗಿಕೊಂಡಳು. ಮತ್ತೆ ಇತ್ತ ನೋಡಲಿಲ್ಲ.

ಮರುದಿನ ಜೋಗುಪಾಳ್ಯದ ಆ ಬೀದಿ ತಡವಾಗಿ ಎದ್ದಿತು. ಬಷೀರ್ ಮಾತ್ರ ಬೇಗ ಎದ್ದು, ಏಡಿಯ ಪೊರೆಗೆ ಗಾಜು ಕೊಯ್ದು ಕಟ್ಟು ಹಾಕಿ ಅಂಗಡಿಯ ಗೋಡೆಗೆ ತೂಗುಹಾಕಿದ. ಗಿರಾಕಿಗಳು ಬೆಲೆ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ:

"ಮಾರೋದಲ್ಲ ಅದು. ನಮ್ಮಕ್ಕ ಕೊಟ್ಟಿದ್ದು."